ಒಂದು ಪಿಕ್ಸೆಲ್ ಅಂದರೆ ಒಂದು ಗುಂಟೆ: ನಕ್ಷೆ ಮತ್ತು ಉಪಗ್ರಹ ಚಿತ್ರಗಳ ಕೆಲಸಕ್ಕೆ ಬರುವವರಿಗೆ

ಪ್ರಶ್ನೆ: ನನಗೆ 28 ವರ್ಷ. ಊರು ಹಿರಿಯೂರಿನ ಹತ್ತಿರ. ಬಿ.ಇ. ಕಂಪ್ಯೂಟರ್ ಸೈನ್ಸ್ ಮುಗಿಸಿ ಐದು ವರ್ಷದಿಂದ ಬೆಂಗಳೂರಿನಲ್ಲಿ ಜಾವಾ ಬ್ಯಾಕೆಂಡ್ ಕೆಲಸ ಮಾಡುತ್ತಿದ್ದೇನೆ, ಬ್ಯಾಂಕಿನ ಸಾಫ್ಟ್‌ವೇರ್. ಸಂಬಳಕ್ಕೆ ತೊಂದರೆ ಇಲ್ಲ, ಆದರೆ ಮನಸ್ಸು ಅದರಲ್ಲಿಲ್ಲ. ಚಿಕ್ಕಂದಿನಿಂದ ನಕ್ಷೆ ಅಂದರೆ ಪ್ರಾಣ. ಈಗ ಉಪಗ್ರಹ ಚಿತ್ರ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಮ್ಯಾಪಿಂಗ್, ಇಮೇಜ್ ಪ್ರೊಸೆಸಿಂಗ್ ಕಡೆ ಬರಬಹುದಾ? ಎಂ.ಟೆಕ್ ಮಾಡಲೇಬೇಕಾ? ಗಣಿತ ಎಷ್ಟು ಬೇಕು? ಎಐ ಬಂದ ಮೇಲೂ ಈ ಕೆಲಸ ಉಳಿಯುತ್ತಾ? ಇಷ್ಟು ವರ್ಷದ ಜಾವಾ ನೀರಲ್ಲಿ ಹೋಮ ಆಗುತ್ತಾ?

ಉತ್ತರ: ಬನ್ನಿ, ಖಂಡಿತ ಬರಬಹುದು. ನಿಮ್ಮ ಜಾವಾ ಕೂಡ ವ್ಯರ್ಥವಾಗುವುದಿಲ್ಲ, ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಈ ಕೆಲಸದ ಒಂದು ಗುಣ ನಿಮಗೆ ಗೊತ್ತಿರಬೇಕು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನಾನು ಇದರಲ್ಲೇ ಇದ್ದೇನೆ. ಹೊಸಬರು ಯಾರೇ ಬಂದರೂ ಮೊದಲು ಹೇಳುವುದು ಇದನ್ನೇ.

ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಲೆಕ್ಕ ತಪ್ಪಿದರೆ ಎಲ್ಲೋ ಒಂದು ಕಡೆ ಗೊತ್ತಾಗುತ್ತದೆ. ಜಮಾ ಖರ್ಚು ತಾಳೆ ಆಗುವುದಿಲ್ಲ, ಎಕ್ಸೆಪ್ಷನ್ ಬೀಳುತ್ತದೆ, ರಾತ್ರಿ ಹನ್ನೊಂದಕ್ಕೆ ನಿಮಗೆ ಫೋನ್ ಬರುತ್ತದೆ. ನಕ್ಷೆಯಲ್ಲಿ ಹಾಗಲ್ಲ. ತಪ್ಪಾದ ನಕ್ಷೆ ಸರಿಯಾದ ನಕ್ಷೆಯಷ್ಟೇ ಚೆನ್ನಾಗಿ ಕಾಣುತ್ತದೆ. ಕೋಡ್ ಓಡುತ್ತದೆ, ಬಣ್ಣ ಬರುತ್ತದೆ, ಎಲ್ಲರೂ ತಲೆದೂಗುತ್ತಾರೆ. ತಪ್ಪು ಮಾತ್ರ ಬಾಯಿ ಬಿಡದೆ ಒಳಗೇ ಕೂತಿರುತ್ತದೆ.

ನನಗೆ ಇದು ಮನಸ್ಸಿಗೆ ಇಳಿದದ್ದು ಹಾವೇರಿ ಜಿಲ್ಲೆಯ ಒಂದು ಹೊಲದ ಬದುವಿನ ಮೇಲೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಹೊಲದ ಸುತ್ತ ಫೋನ್ ಹಿಡಿದು ನಡೆದರೆ ಗಡಿ ಬರೆದು ವಿಸ್ತೀರ್ಣ ಹೇಳುವ ಒಂದು ಆಪ್ ಮಾಡುತ್ತಿದ್ದೆವು. ವಿಸ್ತೀರ್ಣದ ಲೆಕ್ಕ ನಾನೇ ಬರೆದದ್ದು. ಆಫೀಸಿನಲ್ಲಿ ಚೆನ್ನಾಗಿ ಪರೀಕ್ಷೆ ಮಾಡಿದ್ದೆವು. ಆಪ್ ಕೊಟ್ಟ ಅಂಕಿಯೂ ನಮ್ಮ ಸರ್ವರ್ ಕೊಟ್ಟ ಅಂಕಿಯೂ ಪಾಯಿಂಟಿನ ಮುಂದಿನ ಮೂರನೇ ಸ್ಥಾನದವರೆಗೆ ಒಂದೇ ಬರುತ್ತಿತ್ತು. ಹೊಲದ ಮಾಲೀಕರು ನಮ್ಮ ಜೊತೆ ಸುತ್ತು ಹಾಕಿ ಬಂದು ಪರದೆ ನೋಡಿದರು. "ಸರ್, ನಮ್ಮ ಹೊಲ ಎರಡು ಎಕರೆ ಐತ್ರಿ. ನಿಮ್ಮ ಫೋನು ಆರು ಗುಂಟೆ ಜಾಸ್ತಿ ತೋರ್ಸಾಕತ್ತೈತಿ. ಬಾಜೂದವರ ಹೊಲಾನೂ ಹಿಡಿದ್ರೇನು?"

ಪಹಣಿಯಲ್ಲಿ ತಪ್ಪಿರಬಹುದು ಅಂತ ನಾನು ಮೊದಲು ಅಂದುಕೊಂಡೆ. ಪಕ್ಕದ ಹೊಲಕ್ಕೆ ಹೋದೆವು, ಅಲ್ಲೂ ಎಕರೆಗೆ ಮೂರು ಗುಂಟೆ ಜಾಸ್ತಿ. ಮೂರನೇ ಹೊಲದಲ್ಲೂ ಅಷ್ಟೇ. ಒಂದೇ ಅಳತೆಯಲ್ಲಿ ಎಲ್ಲ ಕಡೆ ಹೆಚ್ಚಾಗುತ್ತಿದೆ ಅಂದರೆ ತಪ್ಪು ನೆಲದಲ್ಲಿಲ್ಲ, ಲೆಕ್ಕದಲ್ಲಿದೆ. ಅಲ್ವಾ?

ಆದದ್ದು ಇಷ್ಟು. ಫೋನಿನಲ್ಲಿ ನಾವು ದಿನಾ ನೋಡುವ ನಕ್ಷೆಗಳು ಹೆಚ್ಚಾಗಿ ವೆಬ್ ಮರ್ಕೇಟರ್ ಎನ್ನುವ ಪದ್ಧತಿಯಲ್ಲಿರುತ್ತವೆ. 1569ರಲ್ಲಿ ಮರ್ಕೇಟರ್ ಹಡಗಿನವರಿಗಾಗಿ ಮಾಡಿದ ನಕ್ಷೆಯ ಮರಿಮಗ ಅದು. ಅದರಲ್ಲಿ ರಸ್ತೆಯ ತಿರುವು ತಿರುವಾಗಿಯೇ ಕಾಣುತ್ತದೆ, ದಾರಿ ತೋರಿಸಲು ಒಳ್ಳೆಯದು. ಆದರೆ ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಹೋದಷ್ಟೂ ಎಲ್ಲವನ್ನೂ ಹಿಗ್ಗಿಸುತ್ತದೆ. ಆ ನಕ್ಷೆಯ ಮೀಟರಿನಲ್ಲೇ ವಿಸ್ತೀರ್ಣ ಲೆಕ್ಕ ಹಾಕಿದರೆ ಮೈಸೂರಿನಲ್ಲಿ ಎಕರೆಗೆ ಎರಡು ಗುಂಟೆ ಜಾಸ್ತಿ ಬರುತ್ತದೆ. ಹಾವೇರಿಯಲ್ಲಿ ಮೂರು. ಬೀದರಿಗೆ ಹೋದರೆ ನಾಲ್ಕು ದಾಟುತ್ತದೆ. ನಮ್ಮ ಆಪ್, ನಮ್ಮ ಸರ್ವರ್ ಎರಡರಲ್ಲೂ ಅದೇ ತಪ್ಪು ಇತ್ತು. ಅದಕ್ಕೇ ಅಷ್ಟು ಚೆನ್ನಾಗಿ ತಾಳೆ ಆಗುತ್ತಿತ್ತು.

ಅದೇ ಬಿಂದುಗಳನ್ನು ಯುಟಿಎಂ ಎನ್ನುವ, ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಅಳೆಯುವ ಪದ್ಧತಿಗೆ ಬದಲಾಯಿಸಿ ಲೆಕ್ಕ ಹಾಕಿದೆ. ಹಾವೇರಿಯಲ್ಲಿ ಅದರ ತಪ್ಪು ಎಕರೆಗೆ ಸುಮಾರು 33 ಚದರ ಅಡಿ. ಒಂದು ಗುಂಟೆ ಅಂದರೆ 1,089 ಚದರ ಅಡಿ, ಹಾಗಾಗಿ ಇದು ಗಣನೆಗೇ ಬಾರದ ವ್ಯತ್ಯಾಸ. ಬದಲಾಯಿಸಿದ್ದು ಒಂದೇ ಸಾಲು ಕೋಡ್. ಆದರೆ ಆ ಒಂದು ಸಾಲು ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಜಗಳಕ್ಕೆ ಸಾಕು. ಅರ್ಧ ಗುಂಟೆಗೆ ಕೋರ್ಟು ಹತ್ತಿದವರನ್ನು ನೀವೂ ನೋಡಿರುತ್ತೀರಿ.

ನಿಮ್ಮ ಪ್ರಶ್ನೆಗಳಿಗೆಲ್ಲ ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಕೋಡ್ ಬರೆಯುವುದು ನಿಮಗೆ ಬರುತ್ತದೆ. ಕಲಿಯಬೇಕಾದದ್ದು ಅಂಕಿಯನ್ನು ನೆಲಕ್ಕೆ ಹಿಡಿದು ನೋಡುವ ಅಭ್ಯಾಸ.

ಮೊದಲು ಜಾವಾ ವಿಷಯ ಮುಗಿಸುತ್ತೇನೆ. ಈ ಕ್ಷೇತ್ರ ಅಂದರೆ ಪೈಥಾನ್ ಮಾತ್ರ ಅಂತ ಹೊರಗಿನವರಿಗೆ ಅನಿಸುತ್ತದೆ. ಆದರೆ ಎರಡು ಹೊಲಗಳ ಗಡಿ ಒಂದಕ್ಕೊಂದು ಕತ್ತರಿಸುತ್ತವಾ, ಈ ಬಿಂದು ಆ ಗಡಿಯ ಒಳಗಿದೆಯಾ ಎಂಬಂಥ ರೇಖಾಗಣಿತದ ಬುನಾದಿ ಇರುವುದು ಜೆಟಿಎಸ್ ಎಂಬ ಜಾವಾ ಲೈಬ್ರರಿಯಲ್ಲಿ. ಅದನ್ನೇ ಸಿ ಪ್ಲಸ್ ಪ್ಲಸ್‌ಗೆ ಇಳಿಸಿ ಜಿಯೋಸ್ ಅಂತ ಮಾಡಿದರು. ಡೇಟಾಬೇಸಿನಲ್ಲಿ ನಕ್ಷೆ ಇಡುವ ಪೋಸ್ಟ್‌ಜಿಐಎಸ್, ನಕ್ಷೆ ನೋಡಿ ತಿದ್ದುವ ಕ್ಯೂಜಿಐಎಸ್ ಎರಡೂ ಜಿಯೋಸ್ ಮೇಲೆ ನಿಂತಿವೆ. ನಕ್ಷೆಗಳನ್ನು ಜಾಲದಲ್ಲಿ ಬಡಿಸುವ ಜಿಯೋಸರ್ವರ್ ಕೂಡ ಜಾವಾ. ಜನರೇ ಸೇರಿ ಮಾಡುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ತಿದ್ದುವವರು ಬಳಸುವ ಜೋಸಮ್ ಜಾವಾ. ದಾರಿ ಹುಡುಕುವ ಗ್ರಾಫ್‌ಹಾಪರ್ ಜಾವಾ. ನೀವು ಅರ್ಧ ಬಾಗಿಲಿನ ಒಳಗೇ ಇದ್ದೀರಿ.

ನಿಮ್ಮಂಥವರು ಮೊದಲ ಕೆಲಸ ಹಿಡಿಯಲು ಸುಲಭದ ದಾರಿ ಈ ನಕ್ಷೆಯ ಬ್ಯಾಕೆಂಡ್. ಪೋಸ್ಟ್‌ಗ್ರೆಸ್ ಗೊತ್ತಿರುತ್ತದೆ, ಅದಕ್ಕೆ ಪೋಸ್ಟ್‌ಜಿಐಎಸ್ ಸೇರಿಸಿ. ನಮ್ಮ ರಾಜ್ಯದಲ್ಲಿ ಸುಮಾರು 29 ಸಾವಿರ ಹಳ್ಳಿಗಳಿವೆ. ಒಬ್ಬರು ಫೋನಿನಿಂದ ಒಂದು ಬಿಂದು ಕಳಿಸುತ್ತಾರೆ, ಅದು ಯಾವ ಹಳ್ಳಿ ಅಂತ ನೀವು ಹೇಳಬೇಕು. ಪ್ರತಿ ಹಳ್ಳಿಯ ಗಡಿಯಲ್ಲೂ ನೂರಾರು ಮೂಲೆಗಳಿರಬಹುದು. ಒಂದೊಂದಾಗಿ ನೋಡುತ್ತಾ ಹೋದರೆ ಸರ್ವರ್ ಸುಸ್ತಾಗುತ್ತದೆ. ಅದಕ್ಕೆ ಆರ್-ಟ್ರೀ ಎನ್ನುವ ಸೂಚಿ ಇದೆ, 1984ರಲ್ಲಿ ಗಟ್ಮನ್ ಎಂಬವರು ಕೊಟ್ಟದ್ದು. ಪ್ರತಿ ಗಡಿಯ ಸುತ್ತ ಒಂದು ಆಯತ ಹಾಕು, ಹತ್ತಿರದ ಆಯತಗಳನ್ನು ಸೇರಿಸಿ ದೊಡ್ಡ ಆಯತ ಮಾಡು, ಅವನ್ನು ಸೇರಿಸಿ ಇನ್ನೂ ದೊಡ್ಡದು. ಅಂಚೆಯವರು ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಆಮೇಲೆ ಊರು ಅಂತ ಕಾಗದ ವಿಂಗಡಿಸುವ ಹಾಗೆ. ಕೊನೆಗೆ ಎರಡು ಮೂರು ಹಳ್ಳಿ ಮಾತ್ರ ಉಳಿಯುತ್ತವೆ, ಅವುಗಳ ಗಡಿ ನಿಜವಾಗಿ ನೋಡಿದರೆ ಸಾಕು. ಬ್ಯಾಂಕಿನ ಡೇಟಾಬೇಸಿನಲ್ಲಿ ಇಂಡೆಕ್ಸ್ ಹಾಕಿ ಕ್ವೆರಿ ಓಡಿಸಿದವರಿಗೆ ಇದು ಒಂದು ವಾರದ ಕಲಿಕೆ.

ಇಲ್ಲೂ ಮೌನವಾಗಿ ಕೂರುವ ತಪ್ಪುಗಳಿವೆ. ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ? ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ಬೆಂಗಳೂರು ಅಂದರೆ 12.97, 77.59. ನಕ್ಷೆಯ ಬಿಂದು, ಗಡಿಗಳನ್ನು ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು ಬರಬೇಕು. ಅದಲು ಬದಲಾದರೆ ಬೆಂಗಳೂರು ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು, ಹಾಗಾಗಿ ದೊಡ್ಡ ಭಯವಿಲ್ಲ. ಭಯ ಇರುವುದು ಸಣ್ಣ ಜಾರುವಿಕೆಗಳಲ್ಲಿ. ಹಳೆಯ ಟೋಪೋಶೀಟುಗಳು, ಅಂದರೆ ಸರ್ವೆ ಇಲಾಖೆಯ ಕಾಗದದ ನಕ್ಷೆಗಳು, ಎವರೆಸ್ಟ್ 1830 ಎನ್ನುವ ಭೂಮಿಯ ಆಕಾರವನ್ನು ಹಿಡಿದು ಬರೆದವು. ನಿಮ್ಮ ಫೋನಿನ ಜಿಪಿಎಸ್ ಹಿಡಿಯುವುದು ಡಬ್ಲ್ಯುಜಿಎಸ್ 84 ಎನ್ನುವ ಬೇರೆ ಆಕಾರವನ್ನು. ಬದಲಾಯಿಸದೆ ಒಂದರ ಮೇಲೊಂದು ಇಟ್ಟರೆ ಕೆರೆಯ ಏರಿ ಕೆರೆಯೊಳಗೆ ಬರುತ್ತದೆ. ಇನ್ನೊಂದು ನಮ್ಮ ರಾಜ್ಯದ್ದೇ. ಯುಟಿಎಂನಲ್ಲಿ ಕರ್ನಾಟಕದ ಬಹುಪಾಲು 43ನೇ ವಲಯದಲ್ಲಿದೆ. ಆ ವಲಯ 78 ಡಿಗ್ರಿ ರೇಖಾಂಶಕ್ಕೆ ಮುಗಿಯುತ್ತದೆ. ಬೆಂಗಳೂರು ಅದರ ಈಚೆ, ಕೋಲಾರ ಪಟ್ಟಣ ಆಚೆ, 44ರಲ್ಲಿ. ಇಡೀ ರಾಜ್ಯದ ಕೆಲಸ ಮಾಡುವವರು ಈ ಗೆರೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇರಬೇಕು.

ಈಗ ಚಿತ್ರಗಳ ಕಡೆ ಬರೋಣ. ನಿಮಗೆ ಇಷ್ಟವಾದದ್ದೂ ಅದೇ ತಾನೇ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. ಚಿತ್ರಗಳು ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರ ಮುಖ್ಯ ಬ್ಯಾಂಡ್‌ಗಳಲ್ಲಿ (ಬ್ಯಾಂಡ್ ಅಂದರೆ ಬೆಳಕಿನ ಒಂದೊಂದು ಬಣ್ಣದ ಪಟ್ಟಿ) ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರಿಗೆ 10 ಮೀಟರ್. ನೂರು ಚದರ ಮೀಟರ್. ಚದರ ಅಡಿಗೆ ತಿರುಗಿಸಿದರೆ ಸುಮಾರು 1,076. ಒಂದು ಗುಂಟೆಗೆ ಹದಿಮೂರು ಚದರ ಅಡಿ ಮಾತ್ರ ಕಡಿಮೆ! ಇದು ಗೊತ್ತಾದ ದಿನ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ. ಅವತ್ತಿನಿಂದ ಉಪಗ್ರಹ ಚಿತ್ರವನ್ನು ನಾನು ಗುಂಟೆ ಗುಂಟೆಯಾಗಿಯೇ ನೋಡುತ್ತೇನೆ. ಒಂದು ಎಕರೆ ಹೊಲ ಅಂದರೆ ನಲವತ್ತು ಪಿಕ್ಸೆಲ್. ಅದರಲ್ಲೂ ಅಂಚಿನವೆಲ್ಲ ಅರ್ಧ ನಮ್ಮ ಹೊಲ, ಅರ್ಧ ಪಕ್ಕದವರದ್ದು. ಪೂರ್ತಿ ನಮ್ಮದು ಅನ್ನಬಹುದಾದ ಪಿಕ್ಸೆಲ್ ಇಪ್ಪತ್ತರ ಆಸುಪಾಸು ಸಿಕ್ಕರೆ ಪುಣ್ಯ. ಸಣ್ಣ ಹಿಡುವಳಿಯ ಬೆಳೆ ಅಂದಾಜು ಯಾಕೆ ಕಷ್ಟ ಅಂತ ಈ ಒಂದು ಲೆಕ್ಕದಲ್ಲೇ ತಿಳಿಯುತ್ತದೆ.

ಕಣ್ಣಿಗೆ ಕಾಣುವ ಕೆಂಪು, ಹಸಿರು, ನೀಲಿಯ ಆಚೆಗೂ ಈ ಉಪಗ್ರಹ ನೋಡುತ್ತದೆ, ಒಟ್ಟು 13 ಬ್ಯಾಂಡ್. ಅದರಲ್ಲಿ ಸಮೀಪದ ಅವಕೆಂಪು (ನಿಯರ್ ಇನ್ಫ್ರಾರೆಡ್) ಬ್ಯಾಂಡ್ ನಮ್ಮ ಕೆಲಸದ ಜೀವಾಳ. ಆರೋಗ್ಯವಾದ ಎಲೆ ಅದನ್ನು ಜೋರಾಗಿ ವಾಪಸು ಕಳಿಸುತ್ತದೆ, ನೀರು ಹೆಚ್ಚುಕಡಿಮೆ ಪೂರ್ತಿ ಕುಡಿದುಬಿಡುತ್ತದೆ. ಹಾಗಾಗಿ ಹಸಿರು ಬ್ಯಾಂಡಿನಿಂದ ಅವಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ನೀರು ಎದ್ದು ಕಾಣುತ್ತದೆ. ಇದಕ್ಕೆ ಎನ್‌ಡಿಡಬ್ಲ್ಯುಐ ಅಂತಾರೆ. ಪೈರಿಗೆ ಅವಕೆಂಪು ಮತ್ತು ಕೆಂಪು ಬ್ಯಾಂಡ್ ಹಿಡಿದು ಮಾಡುವ ಇಂಥದ್ದೇ ಲೆಕ್ಕ ಎನ್‌ಡಿವಿಐ.

ನಿಮ್ಮೂರಿನ ಪಕ್ಕದ ಮಾರಿಕಣಿವೆಯನ್ನೇ ತೆಗೆದುಕೊಳ್ಳಿ. ಅದೇ ವಾಣಿವಿಲಾಸ ಸಾಗರ ಅಣೆಕಟ್ಟು, ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ನಂತರ. ಊರಿನವರೆಲ್ಲ ನೋಡಲು ಹೋಗಿರುತ್ತೀರಿ. ಉಪಗ್ರಹ ಚಿತ್ರದಲ್ಲಿ ಬರಗಾಲದ ವರ್ಷಗಳ ಬೇಸಿಗೆಯ ಮಾರಿಕಣಿವೆಯನ್ನೂ, ತುಂಬಿದ ಮೇಲಿನ ಮಾರಿಕಣಿವೆಯನ್ನೂ ಪಕ್ಕಪಕ್ಕ ಇಟ್ಟು ನೀರಿನ ವಿಸ್ತೀರ್ಣ ಲೆಕ್ಕ ಹಾಕಬೇಕು ಅಂದುಕೊಳ್ಳಿ. ಸುಲಭದ ಕೆಲಸದ ಹಾಗೆ ಕಾಣುತ್ತದೆ. ಹೊಸಬರು ಬಿದ್ದು ಏಳುವುದು ಇಲ್ಲೇ.

ಈ ಚಿತ್ರದ ಫೈಲಿನಲ್ಲಿ ಬೆಳಕಿನ ಪ್ರತಿಫಲನವನ್ನು ಹತ್ತು ಸಾವಿರದಿಂದ ಗುಣಿಸಿ ಇಟ್ಟಿರುತ್ತಾರೆ. ತಿಳಿ ನೀರಿನ ಒಂದು ಪಿಕ್ಸೆಲಿನಲ್ಲಿ ಹಸಿರು 600, ಅವಕೆಂಪು 200 ಇದೆ ಅನ್ನಿ. ಕಳೆದರೆ 400, ಕೂಡಿದರೆ 800, ಸೂಚ್ಯಂಕ 0.5. ನೀರು ಅಂತ ಧೈರ್ಯವಾಗಿ ಹೇಳಬಹುದು. ಆದರೆ 2022ರ ಜನವರಿ 25ರಿಂದ ಸಂಸ್ಕರಣೆಯ ಪದ್ಧತಿ ಬದಲಾಯಿತು. ಎಲ್ಲ ಅಂಕಿಗಳಿಗೂ ಒಂದು ಸಾವಿರ ಸೇರಿಸಿ ಇಡಲು ಶುರು ಮಾಡಿದರು. ಬಳಸುವವರು ಅದನ್ನು ಕಳೆದು ಲೆಕ್ಕ ಹಾಕಬೇಕು ಅಂತ ಫೈಲಿನ ಜೊತೆಗಿನ ಮಾಹಿತಿಯಲ್ಲೇ ಬರೆದಿರುತ್ತಾರೆ. ನೀವು ಓದಲಿಲ್ಲ ಅನ್ನಿ. ಅದೇ ನೀರು ಈಗ 1600 ಮತ್ತು 1200. ಕಳೆದರೆ ಅದೇ 400. ಕೂಡಿದರೆ 2800. ಸೂಚ್ಯಂಕ 0.14. 0.2ಕ್ಕಿಂತ ಮೇಲಿದ್ದರೆ ನೀರು ಅಂತ ನೀವು ಗೆರೆ ಎಳೆದಿದ್ದರೆ, ನೀರು ಮಾಯ. 89 ವರ್ಷದ ನಂತರ ಕೋಡಿ ಬಿದ್ದ ಜಲಾಶಯ ನಿಮ್ಮ ನಕ್ಷೆಯಲ್ಲಿ ಬತ್ತಿರುತ್ತದೆ. ಪ್ರೋಗ್ರಾಂ ಚಕಾರ ಎತ್ತುವುದಿಲ್ಲ.

ಇನ್ನೂ ಒಂದು ಸೂಕ್ಷ್ಮ ನೋಡಿ. ಗೆರೆಯನ್ನು 0.2ರ ಬದಲು ಸೊನ್ನೆಗೆ ಎಳೆದಿದ್ದರೆ ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ, ಏಕೆಂದರೆ ಕಳೆದಾಗ ಬರುವ ಅಂಕಿ ಬದಲಾಗುವುದಿಲ್ಲ. ಉತ್ತರ ಸರಿಯಾಗಿಯೇ ಬರುತ್ತಿತ್ತು. ನೀವು ಅದೇ ಕೋಡನ್ನು ಬೆಳೆಗೆ ಹಚ್ಚುತ್ತಿದ್ದಿರಿ. ಅಲ್ಲಿ 0.78 ಇರಬೇಕಾದ ಹಚ್ಚಹಸಿರು ಪೈರು 0.54 ತೋರಿಸಿ, 2022ರಿಂದ ಈಚೆಗೆ ಇಡೀ ತಾಲ್ಲೂಕಿನ ಬೆಳೆ ಸೊರಗಿದೆ ಅಂತ ವರದಿ ಹೋಗುತ್ತಿತ್ತು. ಸರಿಯಾದ ಉತ್ತರ ಬಂದ ಮಾತ್ರಕ್ಕೆ ದಾರಿ ಸರಿ ಅಂತಲ್ಲ. ಕೆಲವು ಕಡೆ ಈ ಸಾವಿರವನ್ನು ಮೊದಲೇ ಕಳೆದು ಕೊಡುತ್ತಾರೆ, ಕೆಲವು ಕಡೆ ಕೊಡುವುದಿಲ್ಲ. ಎಲ್ಲಿಂದ ಇಳಿಸಿಕೊಂಡಿರಿ ಅನ್ನುವುದರ ಮೇಲೆ ಕೋಡ್ ಬದಲಾಗಬೇಕು. ನನ್ನ ಜೊತೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಒಂದೇ. ಚಿತ್ರ ತೆರೆಯುವ ಮೊದಲು ಮಾಹಿತಿ ಫೈಲು ತೆರೆಯಿರಿ.

ಇಷ್ಟು ಸರಿ ಮಾಡಿದ ಮೇಲೂ ಮಾರಿಕಣಿವೆ ನಿಮ್ಮನ್ನು ಬಿಡುವುದಿಲ್ಲ. ಅದು ಗುಡ್ಡಗಳ ನಡುವಿನ ಕಣಿವೆ. ಉಪಗ್ರಹ ಅಲ್ಲಿ ಹಾಯುವುದು ಬೆಳಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ. ಚಳಿಗಾಲದಲ್ಲಿ ಆಗ ಸೂರ್ಯ ಆಗ್ನೇಯ ದಿಕ್ಕಿನಲ್ಲಿ ಸ್ವಲ್ಪ ಕೆಳಗೇ ಇರುತ್ತಾನೆ, ಗುಡ್ಡದ ನೆರಳು ವಾಯವ್ಯಕ್ಕೆ ಬೀಳುತ್ತದೆ. ನೆರಳೂ ಕಪ್ಪು, ನೀರೂ ಕಪ್ಪು. ಕಂಪ್ಯೂಟರಿಗೆ ಎರಡೂ ಒಂದೇ. ಮೋಡದ ನೆರಳೂ ಅಷ್ಟೇ. ಅಂಚಿನಲ್ಲಿ ಕೆಸರಿದ್ದರೆ, ನೀರಿನ ಮೇಲೆ ಅಂತರಗಂಗೆ ಹಬ್ಬಿದ್ದರೆ, ಕಂಪ್ಯೂಟರ್ ಅದನ್ನು ತೋಟ ಅನ್ನುತ್ತದೆ. ಮಳೆಗಾಲದಲ್ಲಂತೂ ತಿಂಗಳುಗಟ್ಟಲೆ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆಗ ರಾಡಾರ್ ಚಿತ್ರ ಬೇಕು, ಅದು ಮೋಡವನ್ನು ತೂರಿ ನೋಡುತ್ತದೆ. ಸೆಂಟಿನೆಲ್-1 ಹಾಗೆ ಮಾಡುತ್ತದೆ. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನೈಸಾರ್ ಕೂಡ ರಾಡಾರ್ ಉಪಗ್ರಹವೇ. ರಾಡಾರ್ ಬಲ್ಲ ಡೆವಲಪರ್‌ಗಳು ನಮ್ಮಲ್ಲಿ ತುಂಬಾ ಕಡಿಮೆ. ಸ್ವಲ್ಪ ಕಷ್ಟದ ವಿದ್ಯೆ, ಆದರೆ ನಿಮ್ಮ ವಯಸ್ಸಿನವರು ಧೈರ್ಯವಾಗಿ ಕೈ ಹಾಕಬಹುದು ಅಂತ ನನ್ನ ಅಭಿಪ್ರಾಯ.

ಗಣಿತದ ಭಯ ಬಿಡಿ, ಪಿಯುಸಿಯಲ್ಲಿ ಓದಿದ ಮ್ಯಾಟ್ರಿಕ್ಸ್ ಮತ್ತು ತ್ರಿಕೋನಮಿತಿ ಬುನಾದಿಗೆ ಸಾಕು. ಉದಾಹರಣೆಗೆ, ಪ್ರತಿ ಚಿತ್ರದ ಜೊತೆ ಆರು ಅಂಕಿ ಬರುತ್ತವೆ. ಎಡ ಮೇಲಿನ ಮೂಲೆ ನೆಲದ ಮೇಲೆ ಎಲ್ಲಿದೆ, ಪಿಕ್ಸೆಲ್ ಎಷ್ಟು ಅಗಲ, ಎಷ್ಟು ಎತ್ತರ, ಚಿತ್ರ ಓರೆಯಾಗಿದೆಯಾ ಅಂತ ಅವು ಹೇಳುತ್ತವೆ. ಪಿಕ್ಸೆಲಿನಿಂದ ನೆಲಕ್ಕೆ, ನೆಲದಿಂದ ಪಿಕ್ಸೆಲಿಗೆ ಹೋಗುವ ದಾರಿ ಈ ಆರು ಅಂಕಿಗಳಲ್ಲೇ ಇದೆ. ಎತ್ತರದ ಅಂಕಿ ಮೈನಸ್‌ನಲ್ಲಿರುತ್ತದೆ, ಯಾಕೆ ಅಂತ ಒಮ್ಮೆ ಕೂತು ಯೋಚಿಸಿ. ಚಿತ್ರದ ಸಾಲುಗಳು ಮೇಲಿನಿಂದ ಕೆಳಗೆ ಎಣಿಕೆಯಾಗುತ್ತವೆ, ಉತ್ತರದ ಅಳತೆ ಕೆಳಗಿನಿಂದ ಮೇಲಕ್ಕೆ. ಆ ಮೂಲೆ ಪಿಕ್ಸೆಲಿನ ಅಂಚೋ ನಡುವೋ ಅನ್ನುವುದನ್ನು ಮರೆತರೆ ಇಡೀ ಚಿತ್ರ ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧ ಪಿಕ್ಸೆಲ್, ಅಂದರೆ 5 ಮೀಟರ್, ಸರಿಯುತ್ತದೆ. ಇದರ ಮೇಲೆ ಲೀಸ್ಟ್ ಸ್ಕ್ವೇರ್ಸ್ (ತಪ್ಪು ಅತಿ ಕಡಿಮೆಯಾಗುವ ಹೊಂದಿಕೆ ಹುಡುಕುವ ಲೆಕ್ಕ) ಮತ್ತು ಸ್ವಲ್ಪ ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಳ್ಳಿ. ಫೂರಿಯೆ ಮುಂತಾದವನ್ನು ಕೆಲಸ ಕೇಳಿದಾಗ ಕಲಿಯಬಹುದು. ಲೈಬ್ರರಿ ಬಳಸುವ ಮೊದಲು ಒಂದೇ ಒಂದು ಸಲ, ಮೂರು ಮೂರರ ಚೌಕ ಸರಿಸುತ್ತಾ ಚಿತ್ರವನ್ನು ಮಸುಕು ಮಾಡುವ ಕೋಡನ್ನು ಕೈಯಾರೆ ಬರೆಯಿರಿ. ಜಾವಾದಲ್ಲೇ ಬರೆಯಿರಿ. ಚಿತ್ರದ ಅಂಚಿಗೆ ಬಂದಾಗ ಏನು ಮಾಡಬೇಕು ಅಂತ ತಲೆ ಕೆರೆದುಕೊಳ್ಳುತ್ತೀರಿ. ಇಮೇಜ್ ಪ್ರೊಸೆಸಿಂಗ್ ಅಲ್ಲೇ ಶುರುವಾಗುತ್ತದೆ.

ಎಐ ವಿಷಯ. ನಾನು ಸೇರಿದ ಹೊಸತರಲ್ಲಿ ದೊಡ್ಡ ಹಾಲಿನಲ್ಲಿ ಸಾಲಾಗಿ ಕೂತು ಟೋಪೋಶೀಟಿನ ರಸ್ತೆ, ಹಳ್ಳ, ಮನೆಗಳ ಮೇಲೆ ಮೌಸ್ ಎಳೆದು ಗೆರೆ ಹಾಕುತ್ತಿದ್ದೆವು. ಎರಡು ಪಾಳಿ. ಆ ಕೆಲಸ ಇವತ್ತು ತೀರಾ ಕಡಿಮೆಯಾಗಿದೆ, ಇನ್ನೂ ಕಡಿಮೆಯಾಗುತ್ತದೆ. ಮನೆ, ರಸ್ತೆ, ಹೊಲದ ಗಡಿಗಳನ್ನು ಯಂತ್ರ ತಾನೇ ಗುರುತಿಸುತ್ತದೆ. 2015ರ ಯು-ನೆಟ್ ಎಂಬ ಎಐ ಜಾಲ ಮೊದಲು ಬಂದದ್ದು ಸೂಕ್ಷ್ಮದರ್ಶಕದ ಜೀವಕೋಶಗಳ ಚಿತ್ರಕ್ಕೆ. ಈಗ ಅದೇ ನಮ್ಮ ಕೆಲಸದ ಎತ್ತು. ಆದರೆ ಯಂತ್ರ ಹೇಳಿದ್ದನ್ನು ಒರೆಗೆ ಹಚ್ಚುವವರ ಬೇಡಿಕೆ ಅಷ್ಟೇ ಏರಿದೆ.

ಹೊರದೇಶದ ಊರುಗಳ ಚಿತ್ರದಲ್ಲಿ ಕಲಿತ ಒಂದು ಎಐ ಮಾದರಿಯನ್ನು ನಾವು ತೀರ್ಥಹಳ್ಳಿ ಕಡೆಯ ಚಿತ್ರದ ಮೇಲೆ ಓಡಿಸಿದ್ದೆವು. ಮರಗಳ ಕೆಳಗಿನ ಹೆಂಚಿನ ಮನೆಗಳು ಅರ್ಧಕ್ಕರ್ಧ ಸಿಗಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಚಾವಣಿ ಅಂತ ಗುರುತಿಸಿತ್ತು. ಹುಲ್ಲಿನ ಬಣವೆಗೂ ಮನೆಯ ಪಟ್ಟ. ಇದನ್ನು ಕಂಡುಹಿಡಿದದ್ದು ನಮ್ಮ ತಂಡದ ಎಐ ಪಂಡಿತರಲ್ಲ. ಆ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ. ಅಡಿಕೆ ಕೊಯ್ಲಿನ ತಿಂಗಳು ಯಾವುದು ಅಂತ ಅವಳಿಗೆ ಗೊತ್ತಿತ್ತು.

ಇನ್ನೊಂದು ಎಚ್ಚರಿಕೆ, ಇದನ್ನು ಸಂದರ್ಶನದಲ್ಲೂ ಕೇಳುತ್ತಾರೆ. ಒಂದೇ ಚಿತ್ರವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಚೀಟಿ ಎತ್ತಿದ ಹಾಗೆ ಕೆಲವನ್ನು ಕಲಿಸಲು, ಕೆಲವನ್ನು ಪರೀಕ್ಷೆಗೆ ಇಟ್ಟರೆ ಅಂಕ ಭರ್ಜರಿಯಾಗಿ ಬರುತ್ತದೆ. ಆದರೆ ಪರೀಕ್ಷೆಯ ತುಂಡಿನ ಪಕ್ಕದ ತುಂಡೇ ಪಾಠದಲ್ಲಿತ್ತು. ಅದೇ ಹೊಲ, ಅದೇ ಮಣ್ಣು, ಅದೇ ದಿನದ ಬಿಸಿಲು. ಒಂದು ತಾಲ್ಲೂಕಿನಲ್ಲಿ ಕಲಿಸಿ ಇನ್ನೊಂದು ತಾಲ್ಲೂಕಿನಲ್ಲಿ ಪರೀಕ್ಷೆ ಮಾಡಿ. ಆಗ ಬಂದ ಅಂಕವನ್ನು ನಂಬಬಹುದು.

ಎಂ.ಟೆಕ್ ಕಡ್ಡಾಯವಲ್ಲ. ಉಪಗ್ರಹ ಚಿತ್ರವನ್ನು ನೆಲಕ್ಕೆ ಸರಿಯಾಗಿ ಕೂರಿಸುವುದು, ರಾಡಾರ್, ಚಿತ್ರಗಳಿಂದ ಅಳತೆ ತೆಗೆಯುವ ಫೋಟೋಗ್ರಾಮೆಟ್ರಿ ಇವುಗಳ ಆಳಕ್ಕೆ ಹೋಗಬೇಕು ಅನಿಸಿದರೆ ಆಗ ಮಾಡಿ. ಡೆಹ್ರಾಡೂನಿನಲ್ಲಿ ಉಪಗ್ರಹ ಚಿತ್ರಗಳ ವಿದ್ಯೆ ಕಲಿಸುವ ಇಸ್ರೋದ ಸಂಸ್ಥೆ ಐಐಆರ್‌ಎಸ್ ಇದೆ. ಗೇಟ್ ಪರೀಕ್ಷೆಯಲ್ಲಿ 2022ರಿಂದ ಜಿಯೋಮ್ಯಾಟಿಕ್ಸ್ (ಭೂಮಿಯ ಅಳತೆ ಮತ್ತು ನಕ್ಷೆಯ ವಿದ್ಯೆ) ಅಂತಲೇ ಬೇರೆ ಪೇಪರ್ ಇದೆ. ಕೆಲಸ ಬಿಡದೆ ಕಲಿಯಬೇಕು ಅಂದರೆ ಐಐಆರ್‌ಎಸ್‌ನ ಉಚಿತ ಆನ್‌ಲೈನ್ ತರಗತಿಗಳಿಂದ ಶುರು ಮಾಡಿ, ಅದು ನಿಮಗೆ ಈಗ ಹೆಚ್ಚು ಹೊಂದುತ್ತದೆ.

ಕೆಲಸ ಎಲ್ಲಿದೆ? 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ನಕ್ಷೆಯ ನಿಯಮ ಸಡಿಲಿಸಿತು. ಅದಕ್ಕೂ ಮೊದಲು ನಿಖರವಾದ ನಕ್ಷೆ ಮಾಡಲು ಖಾಸಗಿಯವರು ಅನುಮತಿಗಾಗಿ ಅಲೆಯಬೇಕಿತ್ತು. ಈಗ ಭಾರತೀಯ ಕಂಪನಿಗಳಿಗೆ ಆ ತಾಪತ್ರಯ ಹೆಚ್ಚುಕಡಿಮೆ ಇಲ್ಲ. ಬೆಂಗಳೂರಿನಲ್ಲೇ ಉಪಗ್ರಹ ಮಾಡಿ ಹಾರಿಸುವ ಖಾಸಗಿ ಕಂಪನಿಗಳಿವೆ. ಅಂಥ ಒಂದನ್ನು ಕಟ್ಟಿದ ಅವೈಸ್ ಅಹ್ಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ. ಸರ್ಕಾರದ ಕಡೆ ಹೈದರಾಬಾದಿನಲ್ಲಿ ಇಸ್ರೋದ ಉಪಗ್ರಹ ಚಿತ್ರಗಳ ಕೇಂದ್ರ ಎನ್‌ಆರ್‌ಎಸ್‌ಸಿ ಇದೆ. ನಮ್ಮಲ್ಲೇ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಇದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆಪ್ ಅವರದ್ದೇ. ಊರಿಗೆ ಹೋದಾಗ ನಿಮ್ಮ ಮನೆಯವರ ಫೋನಿನಲ್ಲಿ ಈಗಾಗಲೇ ಇರಬಹುದು, ನೋಡಿ.

ಹುದ್ದೆಯ ಹೆಸರು ನೋಡಿಕೊಂಡು ಅರ್ಜಿ ಹಾಕಿ. 'ಜಿಐಎಸ್ ಅನಲಿಸ್ಟ್' ಅಂತಿದ್ದರೆ ಕೆಲಸ ಹೆಚ್ಚಾಗಿ ತಯಾರಾದ ಸಾಫ್ಟ್‌ವೇರ್ ಬಳಸುವುದು, ನಿಮ್ಮ ಈಗಿನ ಸಂಬಳಕ್ಕಿಂತ ಕಡಿಮೆ ಸಿಗಬಹುದು. ಸಾಫ್ಟ್‌ವೇರ್ ಎಂಜಿನಿಯರ್ ಅಂತಲೇ ಸೇರಿ, ನಕ್ಷೆಯ ತಂಡ ಕೇಳಿ. ಐದು ವರ್ಷದ ಅನುಭವವನ್ನು ಸೊನ್ನೆಗೆ ಇಳಿಸಿಕೊಂಡು ಬರಬೇಕಾಗಿಲ್ಲ.

ರಾಜೀನಾಮೆ ಈಗಲೇ ಕೊಡಬೇಡಿ. ಆರು ತಿಂಗಳು, ದಿನಕ್ಕೆ ಒಂದು ಗಂಟೆ. ಕ್ಯೂಜಿಐಎಸ್ ಹಾಕಿಕೊಳ್ಳಿ, ಉಚಿತ. ಪೈಥಾನ್‌ನಲ್ಲಿ ಚಿತ್ರದ ಫೈಲು ಓದುವ ರಾಸ್ಟರಿಯೋ ಕಲಿಯಿರಿ. ಅದರ ಒಳಗೆ ಓಡುವುದು ಜಿಡಾಲ್, ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಶುರು ಮಾಡಿದ ಲೈಬ್ರರಿ, ಇವತ್ತು ಜಗತ್ತಿನ ಹೆಚ್ಚಿನ ನಕ್ಷೆ ತಂತ್ರಾಂಶಗಳ ಹೊಟ್ಟೆಯೊಳಗೆ ಅದೇ ಇದೆ. ಹತ್ತು ಸಣ್ಣ ಅಭ್ಯಾಸ ಮಾಡುವ ಬದಲು ಮಾರಿಕಣಿವೆ ಒಂದನ್ನೇ ಹಿಡಿಯಿರಿ. 2016ರಿಂದ ಇಲ್ಲಿಯವರೆಗೆ ಪ್ರತಿ ಜನವರಿಯ ಒಂದು ಮೋಡವಿಲ್ಲದ ಚಿತ್ರ, ಪ್ರತಿ ಚಿತ್ರದಿಂದ ನೀರಿನ ಗಡಿ, ಪ್ರತಿ ಗಡಿಗೆ ವಿಸ್ತೀರ್ಣ. ಗಡಿಗಳನ್ನು ಪೋಸ್ಟ್‌ಜಿಐಎಸ್‌ಗೆ ತುಂಬಿ, ನಿಮ್ಮ ಜಾವಾದಲ್ಲಿ ಒಂದು ಸಣ್ಣ ಸರ್ವರ್ ಬರೆದು ನಕ್ಷೆಯಾಗಿ ತೋರಿಸಿ.

ಆಮೇಲೆ ಊರಿಗೆ ಹೋಗುವ ದಿನವನ್ನು ಉಪಗ್ರಹ ನೋಡಿ ಗೊತ್ತು ಮಾಡಿಕೊಳ್ಳಿ. ಸೆಂಟಿನೆಲ್-2 ಐದು ದಿನಕ್ಕೊಮ್ಮೆ ಅಲ್ಲಿ ಹಾಯುತ್ತದೆ. ಅದು ಹಾಯುವ ದಿನವೇ ನೀರಿನ ಅಂಚಿಗೆ ಹೋಗಿ, ಫೋನ್ ಹಿಡಿದು ಹತ್ತು ಹನ್ನೆರಡು ಕಡೆ ಬಿಂದು ಗುರುತು ಹಾಕಿಕೊಳ್ಳಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನೊಳಗೆ ಸರಿ ಇರುತ್ತದೆ, ಅರ್ಧ ಪಿಕ್ಸೆಲ್. ಪ್ರತಿ ಬಿಂದುವಿನಲ್ಲೂ ಕಾಲ ಕೆಳಗೆ ಏನಿದೆ ಅಂತ ಬರೆದುಕೊಳ್ಳಿ. ಕೆಸರೋ, ಜಾಲಿಯೋ, ಮೊಣಕಾಲುದ್ದ ನೀರೋ, ಗುಡ್ಡದ ನೆರಳೋ. ಚಿತ್ರ ಬಂದ ಮೇಲೆ ನಿಮ್ಮ ಗಡಿ ಎಲ್ಲೆಲ್ಲಿ ಒಂದು ಪಿಕ್ಸೆಲಿಗಿಂತ ಜಾಸ್ತಿ ಸರಿದಿದೆ, ಯಾಕೆ ಸರಿದಿದೆ ಅಂತ ಒಂದು ಪುಟ ಬರೆಯಿರಿ. ಕೆಲಸ ಕೇಳಲು ಹೋದಾಗ ಲ್ಯಾಪ್‌ಟಾಪಿನ ಜೊತೆ ಆ ಪುಟವನ್ನೂ ತೆಗೆದುಕೊಂಡು ಹೋಗಿ. ಮೇಜಿನ ಆಚೆ ಬದಿ ನಾನು ಕೂತಿದ್ದರೆ ಮೊದಲು ಓದುವುದು ಅದನ್ನೇ.